ವಿಲಿಯಂ ಕೇರಿಯವರ ಶೋಧನೆಗಳೂ ದಿನಚರಿಯೂ

ಬಂಗಾಳ ದೇಶದ ಶ್ರೀರಾಮಪುರದಲ್ಲಿ ಸುವಾರ್ತಾಸೇವೆ ಮಾಡಿದ ವಿಲಿಯಂ ಕೇರಿಯವರ ಹೆಸರನ್ನು ಕೇಳದ ಸಭೆ ನಮ್ಮ ಸೀಮೆಯಲ್ಲಿ ಇರಲಾರದು. ಅವರು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದರೆಂಬುದೂ, ವಿಧವೆಯರನ್ನು ಚಿತೆಯಲ್ಲಿ ಸುಡುವ ಪದ್ಧತಿಯನ್ನು ನಿಲ್ಲಿಸುವುದಕ್ಕೆ ಬಹಳ ಪ್ರಯಾಸಪಟ್ಟರೆಂಬುದೂ ಭಾನುವಾರದ ಶಾಲೆಯ ಮಕ್ಕಳಿಗೆ ಸಹ ಗೊತ್ತುಂಟು. ಆದರೆ ದೊಡ್ಡವರ ದೊಡ್ಡ ಕಾರ್ಯಗಳನ್ನು ಮಾತ್ರ ಕೇಳಿದವರಿಗೆ, ಇವರು ನಮ್ಮಂಥವರಲ್ಲ, ಇವರ ವಿಶ್ವಾಸವೇ ಬೇರೆ ನಮ್ಮ ವಿಶ್ವಾಸವೇ ಬೇರೆ ಎಂಬ ಒಂದು ವಿಧದ ಅಧೈರ್ಯ ಹುಟ್ಟುವುದುಂಟು. ಹೊಲದಲ್ಲಿ ದುಡಿದು, ಮನೆಯ ರೋಗಿಯನ್ನು ನೋಡಿಕೊಂಡು, ರಾತ್ರಿ ನಿದ್ದೆಯು ಕಣ್ಣನ್ನು ಮುಚ್ಚಿಸುವುದರೊಳಗೆ ಒಂದು ಅಧ್ಯಾಯವನ್ನು ಓದಿ ಮುಗಿಸುವ ಹಳ್ಳಿಯ ಸಹೋದರ ಸಹೋದರಿಯರು ಕೇರಿಯವರನ್ನು ದೂರದಿಂದಲೇ ನೋಡಿ ಕೈಮುಗಿದು ಬಿಡುವರು. ಆದಕಾರಣ ನಾವು ಈ ಸಂಚಿಕೆಯಲ್ಲಿ ಅವರ ಕಷ್ಟದ ವರುಷಗಳನ್ನೂ ಅವರು ದಿನದಿನವೂ ನಡೆದುಕೊಂಡ ಕ್ರಮವನ್ನೂ ಹೆಚ್ಚಾಗಿ ಹೇಳಿ, ಮಿಕ್ಕದ್ದನ್ನು ಸಂಕ್ಷೇಪವಾಗಿ ದಾಟುವೆವು.

ವಿಲಿಯಮನು 1761ನೆಯ ಇಸವಿ ಆಗಸ್ಟ್ 17ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯಾದ ಎಡ್ಮಂಡನು ಮೊದಲು ಮಗ್ಗದಲ್ಲಿ ಬಟ್ಟೆ ನೇಯುವವನು. ತರುವಾಯ ಊರಿನ ಶಾಲೆಗೆ ಉಪಾಧ್ಯಾಯನೂ ದೇವಾಲಯಕ್ಕೆ ಗುಮಾಸ್ತನೂ ಆದನು. ಹುಡುಗನಿಗೆ ಗಿಡಬಳ್ಳಿಗಳಲ್ಲಿಯೂ ಹುಳುಹುಪ್ಪಟೆಗಳಲ್ಲಿಯೂ ಬಹಳ ಆಸೆ. ಹೊಲದ ಕೆಲಸಕ್ಕೆ ಕಳುಹಿಸೋಣವೆಂದರೆ, ಬಿಸಿಲು ತಗಲಿದ ಕೂಡಲೆ ಅವನ ಚರ್ಮವು ಉರಿದು ನೋಯುತ್ತಿತ್ತು. ಆದುದರಿಂದ ತಂದೆಯು ಅವನನ್ನು ಪಿಡಿಂಗ್ಟನ್ ಎಂಬ ಗ್ರಾಮದಲ್ಲಿ ಜೋಡು ಹೊಲಿಯುವವನೊಬ್ಬನ ಬಳಿಯಲ್ಲಿ ಕಸುಬು ಕಲಿಯಲು ಇಟ್ಟನು. ಇಂಗ್ಲೆಂಡಿನ ಎಳೆಬಿಸಿಲನ್ನು ತಾಳಲಾರದವನನ್ನು ಕರ್ತನು ಮುಂದೆ ಬಂಗಾಳದ ಸುಡುಬಿಸಿಲಿಗೆ ಕರೆದು, ಅಲ್ಲಿ ನಾಲ್ವತ್ತು ವರುಷ ಉಳಿಸಿದನೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ.

ಆ ಅಂಗಡಿಯಲ್ಲಿ ಜಾನ್ ವಾರ್ ಎಂಬ ಇನ್ನೊಬ್ಬ ಶಿಷ್ಯನಿದ್ದನು. ಅವನು ಆಂಗ್ಲ ಸಭೆಗೆ ಸೇರದೆ ಬೇರೆಯಾಗಿ ಕೂಡುತ್ತಿದ್ದ ವಿಶ್ವಾಸಿಗಳ ಮನೆತನದವನು. ವಿಲಿಯಮನು ರಾಜಸಭೆಯವನೆಂಬ ಹೆಮ್ಮೆಯಿಂದ ಅವನೊಡನೆ ವಾದ ಮಾಡುವನು, ಮಾತಿನಲ್ಲಿ ಗೆಲ್ಲುವನು, ಆದರೆ ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ತನ್ನ ಮನಸ್ಸಾಕ್ಷಿಗೆ ಸೋಲುವನು. ಹೀಗಿರುವಾಗ ಒಂದು ಸಣ್ಣ ಸಂಗತಿ ನಡೆಯಿತು. ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಕೆಲಸ ಕಲಿಯುವ ಹುಡುಗರು ಗಿರಾಕಿಗಳಿಂದ ಇನಾಮು ಬೇಡುವ ವಾಡಿಕೆ ಅಲ್ಲಿ ಇತ್ತು. ಕಬ್ಬಿಣದ ವ್ಯಾಪಾರಿಯೊಬ್ಬನು ವಿಲಿಯಮನಿಗೆ ಒಂದು ಷಿಲಿಂಗ್ ಕೊಟ್ಟನು. ಹುಡುಗನು ಸಂತೋಷದಿಂದ ಪೇಟೆಗೆ ಹೋಗಿ ತನಗೆ ಬೇಕಾದ ಕೆಲವು ಸಾಮಾನುಗಳನ್ನು ಕೊಂಡುಕೊಳ್ಳುವಾಗ, ಆ ನಾಣ್ಯವು ಹಿತ್ತಾಳೆಯದೆಂದು ಕಂಡುಬಂತು. ಅವನ ಕೈಯಲ್ಲಿ ಯಜಮಾನನ ಹಣವೂ ಇತ್ತು. ಅದರಿಂದ ಒಂದು ಒಳ್ಳೆಯ ಷಿಲಿಂಗನ್ನು ತೆಗೆದು ಕೊಟ್ಟು, ಹಿತ್ತಾಳೆಯದನ್ನು ಅದರ ಸ್ಥಳದಲ್ಲಿಟ್ಟು, ಯಜಮಾನನ ಹಣದಲ್ಲಿಯೇ ಖೋಟಾ ನಾಣ್ಯ ಬಂತೆಂದು ಹೇಳಲು ನಿಶ್ಚಯಿಸಿದನು. ಮನೆಗೆ ಹಿಂದಿರುಗುವ ದಾರಿಯಲ್ಲೆಲ್ಲಾ, ಇದೊಂದು ಸುಳ್ಳು ದಕ್ಕುವ ಹಾಗೆ ಮಾಡಿದರೆ ಇನ್ನು ಮುಂದೆ ಕೆಟ್ಟದ್ದನ್ನೆಲ್ಲಾ ಬಿಟ್ಟುಬಿಡುವೆನೆಂದು ದೇವರಿಗೆ ಪ್ರಾರ್ಥಿಸಿದನಂತೆ! ದೇವರು ಅಂಥ ಪ್ರಾರ್ಥನೆಯನ್ನು ಕೇಳಲಿಲ್ಲ. ಯಜಮಾನನು ವಿಚಾರಿಸಿದನು, ಸುಳ್ಳು ಬೈಲಾಯಿತು. ಹುಡುಗನು ಅನೇಕ ದಿವಸ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರದೆ, ದೇವಾಲಯಕ್ಕೂ ಹೋಗಲು ನಾಚಿದನು. ತಾನು ನೀತಿವಂತನೆಂಬ ಅವನ ಅಹಂಕಾರವು ಅಲ್ಲಿ ಮುರಿಯಿತು. ದೊಡ್ಡವರಾದ ಮೇಲೆ ಈ ಸಂಗತಿಯನ್ನು ಮರೆಮಾಡದೆ ಬರೆದಿಟ್ಟವರು ಅವರೇ.

1779ನೆಯ ಇಸವಿ ಫೆಬ್ರವರಿ 10ರಲ್ಲಿ ಇಂಗ್ಲೆಂಡಿನ ಅರಸನು ಉಪವಾಸ ಪ್ರಾರ್ಥನೆಯ ದಿನವನ್ನು ನೇಮಿಸಿದ್ದನು. ಆ ದಿನ ವಿಲಿಯಮನು ವಾರನೊಡನೆ ಹ್ಯಾಕಲ್‌ಟನ್ ಗ್ರಾಮದ ಚಿಕ್ಕ ಕೂಟಕ್ಕೆ ಹೋದನು. ಕ್ರಿಸ್ತನ ನಿಂದೆಯನ್ನು ಹೊತ್ತುಕೊಂಡು ಪಾಳೆಯದ ಹೊರಗೆ ಹೋಗುವ ವಿಷಯವಾಗಿ ಇಬ್ರಿಯರಿಗೆ ಬರೆದ ಪತ್ರಿಕೆಯ ಮೇಲೆ ಅಲ್ಲಿ ಪ್ರಸಂಗವಾಯಿತು. ಅಂದಿನಿಂದ ಅವನು ಆ ಬಡ ಕೂಟದವರ ಪಾಲಾದನು. ಅವನಿಗೆ ಕನಸಾಗಲಿ ದರ್ಶನವಾಗಲಿ ಆಗಲಿಲ್ಲ. ಬೀಜವು ಮಣ್ಣಿನೊಳಗೆ ಮೊಳೆತ ಹಾಗೆ ಅವನ ವಿಶ್ವಾಸವು ಇಂಥ ಗಳಿಗೆಯೆಂದು ತೋರಿಸಲಾಗದಂತೆ ಹುಟ್ಟಿತು. 1783ನೆಯ ಇಸವಿ ಅಕ್ಟೋಬರ್ 5ರಲ್ಲಿ ನೆನ್ ಎಂಬ ಹೊಳೆಯಲ್ಲಿ ದೀಕ್ಷಾಸ್ನಾನ ಹೊಂದಿದನು.

ಅಷ್ಟರೊಳಗೆ ಅವನ ಮದುವೆಯೂ ಆಗಿತ್ತು. 1781ರ ಜೂನ್ ತಿಂಗಳಲ್ಲಿ ಡಾರತಿ ಪ್ಲಾಕೆಟ್ ಎಂಬ ಹಳ್ಳಿಯ ಹುಡುಗಿಯನ್ನು ಮದುವೆಯಾದನು. ಆಕೆಗೆ ಅಕ್ಷರ ಬಾರದು. ಮದುವೆಯ ಪುಸ್ತಕದಲ್ಲಿ ಕತ್ತರಿ ಗುರುತನ್ನು ಹಾಕಿದಳು. ಯಜಮಾನನು ತೀರಿಕೊಂಡ ಮೇಲೆ ಅಂಗಡಿಯ ಭಾರವೂ, ಆ ವಿಧವೆಯನ್ನೂ ಮಕ್ಕಳನ್ನೂ ಪೋಷಿಸುವ ಭಾರವೂ ಅವನ ಮೇಲೆ ಬಿದ್ದವು. ಎರಡು ವರುಷದ ಚೊಚ್ಚಲ ಮಗಳು ಜ್ವರದಿಂದ ಸತ್ತಳು. ಅದೇ ಜ್ವರವು ತಂದೆಯನ್ನೂ ಹಿಡಿದು, ತಲೆಯ ಕೂದಲೆಲ್ಲಾ ಉದುರಿಹೋಯಿತು. ಇಂಥ ದಿನಗಳಲ್ಲಿಯೇ ಅವನು ಹೊಲಿಯುವ ಮಣೆಯ ಪಕ್ಕದಲ್ಲಿ ಪುಸ್ತಕವನ್ನಿಟ್ಟುಕೊಂಡು ಲ್ಯಾಟಿನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. ಗುರುವಿಲ್ಲ, ಹಣವಿಲ್ಲ; ಎರಡು ಜೋಡುಗಳ ನಡುವೆ ಸಿಕ್ಕಿದ ಸಮಯವೇ ಅವನ ಪಾಠಶಾಲೆ. 1785ರಲ್ಲಿ ಮೋಲ್ಟನ್ ಗ್ರಾಮಕ್ಕೆ ಹೋಗಿ ಶಾಲೆ ನಡಿಸುತ್ತಾ, ಜೋಡು ಹೊಲಿಯುತ್ತಾ, ಸಭೆಗೆ ಬೋಧಿಸುತ್ತಾ ಇದ್ದನು. ಕಸುಬಿನ ಕೋಣೆಯ ಗೋಡೆಗೆ ಕೈಯಿಂದ ಬರೆದ ಲೋಕದ ನಕ್ಷೆಯನ್ನು ಅಂಟಿಸಿ, ಒಂದೊಂದು ದೇಶದ ಜನರ ಸಂಖ್ಯೆಯನ್ನೂ ಮತವನ್ನೂ ಅದರಲ್ಲಿ ಗುರುತು ಹಾಕಿ, ದಾರ ಎಳೆಯುತ್ತಾ ಅದನ್ನೇ ನೋಡುವನು.

ಈ ಕಸುಬಿಗಾಗಿ ಅವರು ಎಂದಿಗೂ ನಾಚಿದವರಲ್ಲ. ಬಹಳ ವರುಷಗಳಾದ ಮೇಲೆ ಕಲ್ಕತ್ತೆಯ ದೊಡ್ಡವರ ಔತಣದಲ್ಲಿ ಒಬ್ಬ ಅಧಿಕಾರಿಯು, ಈ ಕೇರಿಯವರು ಹಿಂದೆ ಜೋಡು ಮಾಡುವವರಾಗಿದ್ದರಲ್ಲವೇ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದಾಗ, ತಾನು ಹೊಸ ಜೋಡು ಮಾಡುವವನಾಗಿರಲಿಲ್ಲ, ಹಳೇ ಜೋಡುಗಳನ್ನು ರಿಪೇರಿ ಮಾಡುವವನು ಮಾತ್ರ ಎಂದು ತಾವೇ ತಿದ್ದಿದರಂತೆ. ಚರ್ಮದ ಕೆಲಸವನ್ನು ಹೀನವೆಂದೆಣಿಸುವ ಊರುಗಳಲ್ಲಿ ವಾಸಿಸುವ ನಮ್ಮವರಿಗೆ ಈ ಸಂಗತಿಯ ರುಚಿಯನ್ನು ನಾವು ಬಿಡಿಸಿ ಹೇಳಬೇಕಾದದ್ದಿಲ್ಲ.

1792ರಲ್ಲಿ ಅವರು ಅನ್ಯದೇಶಗಳಿಗೆ ಸುವಾರ್ತೆಯನ್ನು ಸಾರುವುದು ಎಲ್ಲಾ ಕ್ರೈಸ್ತರ ಹಂಗೆಂದು ಒಂದು ಸಣ್ಣ ಪುಸ್ತಕವನ್ನು ಬರೆದರು. ಯೆಶಾಯನ ಪ್ರವಾದನೆಯ 54ನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಅದೇ ವರುಷ ಅಕ್ಟೋಬರ್ 2ರಲ್ಲಿ ಕೆಟ್ಟರಿಂಗ್ ಪಟ್ಟಣದ ಒಂದು ಮನೆಯಲ್ಲಿ ಕೆಲವು ಬಡ ಬೋಧಕರು ಕೂಡಿ ಮಿಶನ್ ಸಂಘವನ್ನು ಸ್ಥಾಪಿಸಿದರು. ಆ ದಿನ ವಾಗ್ದಾನವಾದ ಹಣ 13 ಪೌಂಡು 2 ಷಿಲಿಂಗ್ 6 ಪೆನ್ಸ್. ಹಿಂದೂದೇಶಕ್ಕೆ ಹೋಗುವುದಕ್ಕೆ ಕೇರಿಯವರು ತಮ್ಮನ್ನೇ ಒಪ್ಪಿಸಿಕೊಟ್ಟರು.

ಡಾರತಿಯಮ್ಮನವರ ವಿಷಯವನ್ನು ಇಲ್ಲಿ ಹೇಳಲೇಬೇಕು. ಇಂಥ ಚರಿತ್ರೆಗಳನ್ನು ಬರೆಯುವವರು ಅನೇಕರು ಆಕೆಯನ್ನು ಒಂದೆರಡು ಮಾತಿನಲ್ಲಿ ದೂಷಿಸಿ ಮುಂದೆ ಹೋಗುವರು. ನಮಗೆ ಅದು ನ್ಯಾಯವಾಗಿ ತೋರುವುದಿಲ್ಲ. ಆಕೆ ತನ್ನ ಊರಿನಿಂದ ಹತ್ತಾರು ಮೈಲು ದೂರವನ್ನು ಸಹ ದಾಟದವಳು. ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣು ಮಾಡಿದವಳು. ಆಗ ಪುನಃ ಗರ್ಭಿಣಿ. ಸಮುದ್ರ ದಾಟಿ ಬರಲಾರೆನೆಂದಳು. ಕೇರಿಯವರು ಹಿರಿಯ ಮಗನನ್ನು ಮಾತ್ರ ಕರಕೊಂಡು ಹೊರಟರು. ಕುಂಪಣಿಯ ಅಪ್ಪಣೆ ಇಲ್ಲದ ಕಾರಣ ಆ ಹಡಗಿನವನು ಅವರನ್ನು ಇಳಿಸಿಬಿಟ್ಟನು. ಈ ತಡೆಯ ಸಮಯದಲ್ಲಿ ಅವರು ಮನೆಗೆ ಹಿಂದಿರುಗಿ, ಜೊತೆಗಾರರಾದ ಡಾಕ್ಟರ್ ಜಾನ್ ಥಾಮಸರ ಒತ್ತಾಯದ ಮಾತುಗಳಿಂದ, ತನ್ನ ತಂಗಿಯೂ ಕೂಡ ಬರುವುದಾದರೆ ಬರುವೆನೆಂದು ಆಕೆಯನ್ನು ಒಪ್ಪಿಸಿದರು. ಎಳೆಗೂಸನ್ನು ಎದೆಗವಚಿಕೊಂಡು, ಸಿದ್ಧಪಡಿಸಿಕೊಳ್ಳಲು ಒಂದು ದಿನದ ಸಮಯವೂ ಇಲ್ಲದೆ, ಆ ತಾಯಿ ಹೊರಟಳು. 1793ನೆಯ ಇಸವಿ ಜೂನ್ 13ರಲ್ಲಿ ದಿನೆಮಾರರ ಹಡಗು ಹೊರಟು, ನವೆಂಬರದಲ್ಲಿ ಕಲ್ಕತ್ತೆಗೆ ಮುಟ್ಟಿತು. ಆಕೆಯ ಒಪ್ಪಿಗೆಯು ಮನಃಪೂರ್ವಕವಾಗುವ ತನಕ ಕಾದಿದ್ದರೆ ಒಳ್ಳೆಯದಾಗುತ್ತಿತ್ತೋ ಏನೋ. ನಮ್ಮ ಮಟ್ಟಿಗೆ ನಾವು ಹಾಗೆಯೇ ಎಣಿಸುತ್ತೇವೆ.

ಕಲ್ಕತ್ತೆಯಲ್ಲಿ ಕೈಯಲ್ಲಿದ್ದ ಹಣವು ಬೇಗನೆ ಮುಗಿಯಿತು. ಭಾಷೆ ಬಾರದು, ಗುರುತಿನವರಿಲ್ಲ, ಹೆಂಡತಿಗೂ ಹಿರಿಯ ಮಗನಿಗೂ ಆಮಶಂಕೆ. ಅವರು ಒಂದು ಸ್ಥಳದಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ದೋಣಿಯಲ್ಲಿ ಸುಂದರಬನದ ಕಾಡಿನ ಅಂಚಿಗೆ ಹೋಗಿ ಹುಲಿಗಳಿರುವ ನೆಲದಲ್ಲಿ ಗುಡಿಸಲು ಹಾಕಿಕೊಳ್ಳಲು ಆರಂಭಿಸಿದರು. 1794ರ ಮಧ್ಯದಲ್ಲಿ ಉಡ್ನಿ ಎಂಬ ದೈವಭಕ್ತರಾದ ದೊರೆಗಳು ಮಾಲ್ದಾ ಸೀಮೆಯ ಮದನಾಬತಿಯಲ್ಲಿ ತಮ್ಮ ನೀಲಿ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸವನ್ನು ಕೊಟ್ಟರು. ತಿಂಗಳಿಗೆ 200 ರೂಪಾಯಿ ಸಂಬಳ. ಕೇರಿಯವರು ಕೂಡಲೆ ಇಂಗ್ಲೆಂಡಿಗೆ ಬರೆದು, ತನಗೆ ಇನ್ನು ಸಂಘದ ಹಣ ಬೇಡವೆಂದು ತಿಳಿಸಿದರು.

ಆ ವರುಷವೇ ಮಳೆಗಾಲದ ಜ್ವರವು ಅವರನ್ನು ಕೆಡವಿತು. ಅವರು ಏಳುವುದರೊಳಗೆ ಐದು ವರುಷದ ಮಗ ಪೀಟರನು ಸತ್ತನು. ಪೆಟ್ಟಿಗೆ ಮಾಡಲು ಬಡಗಿಗಳು ಒಪ್ಪಲಿಲ್ಲ. ನಾಲ್ವರು ಮುಸಲ್ಮಾನರು ಕುಣಿ ತೋಡಿದರು; ಅದಕ್ಕಾಗಿ ಅವರ ಊರಿನವರು ಅವರನ್ನು ಬಹಿಷ್ಕರಿಸಲು ನೋಡಿದರು. ಹೆಣವನ್ನು ಹೊರುವುದಕ್ಕೋ ಯಾರೂ ಬರಲಿಲ್ಲ; ಮೈಲಿಗೆಯೆಂದು ಹೆದರಿದರು. ಜ್ವರದಿಂದ ನಿಲ್ಲಲಾರದ ತಂದೆಯೂ ತಾಯಿಯೂ ತಾವೇ ಹೊತ್ತುಕೊಂಡು ಹೋಗುವುದೆಂದು ನಿಶ್ಚಯಿಸಿದಾಗ, ಜಾತಿಗೆಟ್ಟ ಒಬ್ಬ ಹುಡುಗನೂ ಮನೆಯ ಕಸಗುಡಿಸುವ ಆಳೂ ಮುಂದೆ ಬಂದು ಆ ಮಗುವನ್ನು ಹೊತ್ತರು. ಈ ಇಬ್ಬರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಸಾವಿನ ಮನೆಯಲ್ಲಿ ಹೆಗಲು ಕೊಡುವವರಿಲ್ಲದೆ, ದೀಕ್ಷಾಸ್ನಾನ ಹೊಂದಿದ ಕಾರಣದಿಂದಲೇ ನೆಂಟರಿಂದ ಕೈಬಿಡಲ್ಪಟ್ಟ ಕುಟುಂಬಗಳು ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಉಂಟು. ಅಂಥವರು ಮದನಾಬತಿಯ ಆ ದಿನವನ್ನು ನಮಗಿಂತ ಚೆನ್ನಾಗಿ ತಿಳಿದುಕೊಳ್ಳುವರು.

ಮಗನ ಮರಣವಾದ ಮೇಲೆ ಡಾರತಿಯಮ್ಮನವರ ಬುದ್ಧಿಯು ಕೆಡುತ್ತಾ ಬಂತು. 1795ರಿಂದ ಆಕೆಯು ಗಂಡನ ನಡತೆಯ ಮೇಲೆ ಸಂಶಯಪಟ್ಟು, ಬೀದಿಯಲ್ಲಿ ಹಿಂಬಾಲಿಸಿ, ಕಂಡವರೆಲ್ಲರ ಮುಂದೆ ಕೂಗಿ ದೂರುವಳು. ಕೆಲವು ಸಾರಿ ಆಕೆಯನ್ನು ಕೋಣೆಯಲ್ಲಿಟ್ಟು ಕಾಯಬೇಕಾಯಿತು. ಆ ರೋಗಕ್ಕೆ ಆ ಕಾಲದಲ್ಲಿ ಮದ್ದಿರಲಿಲ್ಲ. ಹುಚ್ಚರ ಆಸ್ಪತ್ರೆಗೆ ಕಳುಹಿಸಿರೆಂದು ಸ್ನೇಹಿತರು ಹೇಳಿದರೂ ಕೇರಿಯವರು ಒಪ್ಪದೆ, 1807ರ ಡಿಸೆಂಬರದಲ್ಲಿ ಆಕೆಯು ಕಣ್ಣುಮುಚ್ಚುವ ತನಕ, ಹನ್ನೆರಡು ವರುಷ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಬಂಗಾಳಿ ಸತ್ಯವೇದದ ಬಹುಭಾಗವು, ಪಕ್ಕದ ಕೋಣೆಯಲ್ಲಿ ಆಕೆಯ ಕೂಗಾಟವು ನಡೆಯುತ್ತಿರುವಾಗಲೇ ಬರೆಯಲ್ಪಟ್ಟಿತೆಂದು ಅವರ ಜೊತೆಯವರು ಸಾಕ್ಷಿ ಹೇಳಿದ್ದಾರೆ.

ಇಂಗ್ಲೆಂಡಿನಿಂದ ಒಂದು ಕಾಗದ ಬರುವುದಕ್ಕೆ ಒಂದು ವರುಷಕ್ಕಿಂತ ಹೆಚ್ಚು ಹಿಡಿಯಿತು. ಪ್ರಸಂಗಗಳನ್ನು ಜನರು ಕೇಳುವರು, ತಲೆದೂಗುವರು, ಹಿಂದಿರುಗಿ ಹೋಗುವರು. ಒಬ್ಬನೂ ಮುಂದೆ ಬರಲಿಲ್ಲ. ಆ ಕಾಲದ ಅವರ ದಿನದ ಪುಸ್ತಕದಲ್ಲಿ ತನ್ನ ಹೃದಯವು ಒಣಗಿದೆಯೆಂದೂ, ಪ್ರಾರ್ಥನೆಯು ಬಾರದೆಂದೂ, ತಾನು ಬಹಳ ಸೋಮಾರಿಯೆಂದೂ ಅವರು ಪದೇ ಪದೇ ಗೋಳಾಡಿದ್ದಾರೆ. ಆದರೂ ಮರುದಿನ ಬೆಳಿಗ್ಗೆ ಎದ್ದು ಮುನ್ಷಿಯೊಡನೆ ಕೂತುಕೊಳ್ಳುವರು. ಮನಸ್ಸಿನಲ್ಲಿ ಉತ್ಸಾಹವಿದ್ದರೆ ಓದು, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಅವರಲ್ಲಿರಲಿಲ್ಲ. ಮುಂದೆ ಒಬ್ಬ ಅಣ್ಣತಮ್ಮಂದಿರ ಮಗನಿಗೆ ಅವರು ತಮ್ಮ ಕುರಿತು ಹೇಳಿದ್ದೂ ಇಷ್ಟೇ: ತನಗೆ ಬೇರೆ ಜಾಣತನವಿಲ್ಲ, ಹಿಡಿದ ಕೆಲಸವನ್ನು ಬಿಡದೆ ಎತ್ತಿನಂತೆ ಎಳೆಯಬಲ್ಲೆನು ಮಾತ್ರ, ಎಂಬ ಭಾವ.

ಪ್ರವಾಹಗಳಿಂದ ನೀಲಿಯ ಬೆಳೆ ಕೆಟ್ಟು ಕಾರ್ಖಾನೆ ಮುಚ್ಚಿತು. ಅದೇ ಸಮಯದಲ್ಲಿ ಮಾರ್ಷ್‌ಮನ್, ವಾರ್ಡ್ ಎಂಬ ಹೊಸ ಮಿಶನರಿಗಳು ಬಂದರು. ಕುಂಪಣಿಯವರು ಅವರಿಗೆ ತಮ್ಮ ರಾಜ್ಯದಲ್ಲಿ ಸ್ಥಳ ಕೊಡದಿರಲು, ದಿನೆಮಾರರ ಅಧೀನದಲ್ಲಿದ್ದ ಶ್ರೀರಾಮಪುರವು ಆಶ್ರಯವಾಯಿತು. ಕೇರಿಯವರು 1800ನೆಯ ಇಸವಿ ಜನವರಿ 10ರಲ್ಲಿ ಕುಟುಂಬ ಸಮೇತ ಅಲ್ಲಿಗೆ ಬಂದು ಸೇರಿದರು. ಆ ವರುಷದ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿಯು ಜಾರಿ ಬಿದ್ದು ತೋಳಿನ ಕೀಲನ್ನು ತಪ್ಪಿಸಿಕೊಂಡನು. ಡಾಕ್ಟರ್ ಥಾಮಸರು ಅದನ್ನು ಸರಿಪಡಿಸುತ್ತಾ ಅವನಿಗೆ ಕ್ರಿಸ್ತನ ವಿಷಯ ಹೇಳಿದರು. ಅವನು ಮಿಶನರಿಗಳ ಸಂಗಡ ಊಟ ಮಾಡಿ ಜಾತಿಯನ್ನು ಬಿಟ್ಟದ್ದಕ್ಕಾಗಿ ಊರೆಲ್ಲಾ ಎದ್ದು ಅವನನ್ನು ಅಧಿಕಾರಿಯ ಮುಂದೆ ಎಳೆದರೂ ಕದಲಲಿಲ್ಲ. ಡಿಸೆಂಬರ್ 28ರಲ್ಲಿ ಕೇರಿಯವರು ತಮ್ಮ ಹಿರಿಯ ಮಗ ಫೀಲಿಕ್ಸನಿಗೂ ಕೃಷ್ಣಪಾಲನಿಗೂ ಹೂಗ್ಲಿ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟರು. ಬಂಗಾಳಕ್ಕೆ ಬಂದು ಏಳು ವರುಷ ಕಳೆದಿದ್ದವು. ಆ ಹೊತ್ತಿನಲ್ಲಿಯೂ ಡಾರತಿಯಮ್ಮನವರು ಒಂದು ಕೋಣೆಯಲ್ಲಿ ಕೂಗುತ್ತಿದ್ದರು. ಸಂತೋಷವನ್ನು ತಾಳಲಾರದೆ ಬುದ್ಧಿಗೆಟ್ಟ ಥಾಮಸರು ಇನ್ನೊಂದು ಕೋಣೆಯಲ್ಲಿ ಕೂಗುತ್ತಿದ್ದರು. ಹೊಳೆಯ ದಡದಲ್ಲಿ ಕೀರ್ತನೆ, ಮನೆಯಲ್ಲಿ ಈ ಸಂಕಟ. ನಮ್ಮ ಸಂತೋಷಗಳು ಸಹ ಹೆಚ್ಚಾಗಿ ಹೀಗೆಯೇ ಬರುವವಷ್ಟೆ.

ಶ್ರೀರಾಮಪುರದಲ್ಲಿ ಅನೇಕ ಕುಟುಂಬಗಳು ಒಂದೇ ಮನೆಯವರಂತೆ ಬಾಳಿದವು; ಒಂದೇ ಪಂಕ್ತಿ, ಒಂದೇ ಹಣದ ಪೆಟ್ಟಿಗೆ. ಹೀಗೆ ಕೂಡಿ ಬಾಳುವಲ್ಲಿ ಮನಸ್ತಾಪ ಬಾರದಿರುವುದಿಲ್ಲ. ಅದಕ್ಕಾಗಿ ಅವರು ಪ್ರತಿ ಶನಿವಾರ ಸಾಯಂಕಾಲ ಕೂಡಿ, ಆ ವಾರದಲ್ಲಿ ಒಬ್ಬರಿಗೊಬ್ಬರ ಮೇಲೆ ಇದ್ದ ಅಸಮಾಧಾನವನ್ನು ಬಾಯಿಬಿಟ್ಟು ಹೇಳಿ, ತೀರಿಸಿಕೊಂಡು, ಪ್ರಾರ್ಥಿಸಿ, ಆಮೇಲೆಯೇ ಭಾನುವಾರವನ್ನು ಕಾಣುವುದೆಂದು ನೇಮಿಸಿಕೊಂಡರು. ಕರ್ತನ ಭೋಜನಕ್ಕೆ ವರುಷಗಟ್ಟಲೆ ಮಾತು ಬಿಟ್ಟವರು ಒಂದೇ ಸಾಲಿನಲ್ಲಿ ಬಂದು ನಿಲ್ಲುವ ಸಭೆಗಳು ಈ ಶನಿವಾರದ ಪದ್ಧತಿಯನ್ನು ಒಂದು ತಿಂಗಳಾದರೂ ನಡಿಸಿ ನೋಡಬಹುದು. ಕೇರಿಯವರಲ್ಲಿಯೂ ಕೊರತೆಗಳಿದ್ದವು. ತಮ್ಮ ಮೇಲೆ ಅಷ್ಟು ಬಿಗಿಯಾಗಿದ್ದವರು ಮಕ್ಕಳ ಮೇಲೆ ಬಹಳ ಸಡಿಲ. ತಾಯಿಯ ಸ್ಥಿತಿ ಹಾಗಿದ್ದು, ತಂದೆಯು ಪುಸ್ತಕಗಳಲ್ಲಿ ಮುಳುಗಿದ್ದುದರಿಂದ ಹುಡುಗರು ಅಂಕೆಯಿಲ್ಲದೆ ಬೆಳೆಯುತ್ತಿದ್ದರು. ಅವರನ್ನು ತಿದ್ದಿ ದಾರಿಗೆ ತಂದವರು ಹನ್ನಾ ಮಾರ್ಷ್‌ಮನ್ ಅಮ್ಮನವರೂ ವಾರ್ಡರೂ.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸುವ ಉದ್ಯೋಗವು ಕೇರಿಯವರಿಗೆ ದೊರೆಯಿತು. ಸಂಸ್ಕೃತವೂ ಮರಾಠಿಯೂ ತರುವಾಯ ಸೇರಿದವು. ಸಂಬಳವು ಮೊದಲು ತಿಂಗಳಿಗೆ 500, ಆಮೇಲೆ 1000 ರೂಪಾಯಿ. ಊಟಬಟ್ಟೆಗೆ ಬೇಕಾದ ಸ್ವಲ್ಪವನ್ನು ಇಟ್ಟುಕೊಂಡು ಮಿಕ್ಕದ್ದೆಲ್ಲವನ್ನೂ ಆ ಒಂದೇ ಪೆಟ್ಟಿಗೆಗೆ ಹಾಕಿದರು.

ಅವರು ಒಂದು ದಿನವನ್ನು ಹೇಗೆ ಕಳೆದರೆಂಬುದು ನಮಗೆ ತಿಳಿದದೆ. ಕಾಗದ ಬರೆಯುವುದರಲ್ಲಿ ತಡಮಾಡುತ್ತೀರೆಂದು ಸ್ನೇಹಿತರು ಆಕ್ಷೇಪಿಸಿದ್ದಕ್ಕೆ ಉತ್ತರವಾಗಿ, 1806ರ ಜೂನ್ ತಿಂಗಳ ಒಂದು ದಿನದ ಲೆಕ್ಕವನ್ನು ಅವರು ಒಪ್ಪಿಸಿದ್ದಾರೆ. ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಮುಂಚೆ ಎದ್ದು, ಇಬ್ರಿಯ ಸತ್ಯವೇದದಲ್ಲಿ ಒಂದು ಅಧ್ಯಾಯವನ್ನು ಓದಿ, ಏಳರ ವರೆಗೆ ಏಕಾಂತ ಪ್ರಾರ್ಥನೆಯಲ್ಲಿದ್ದರು. ಏಳಕ್ಕೆ ಆಳುಗಳೊಡನೆ ಬಂಗಾಳಿಯಲ್ಲಿ ಮನೆಪ್ರಾರ್ಥನೆ. ಚಹಾ ಬರುವುದರೊಳಗೆ ಮುನ್ಷಿಯೊಡನೆ ಸ್ವಲ್ಪ ಪಾರಸಿ. ಊಟಕ್ಕೆ ಮುಂಚೆ ಹಿಂದೂಸ್ಥಾನಿಯಲ್ಲಿ ಸತ್ಯವೇದದ ಒಂದು ಭಾಗ. ಊಟವಾದ ಕೂಡಲೆ ಪಂಡಿತನೊಡನೆ ಸಂಸ್ಕೃತ ರಾಮಾಯಣವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ. ಹತ್ತು ಗಂಟೆಯಿಂದ ಮಧ್ಯಾಹ್ನದ ತನಕ ಕಾಲೇಜು. ಮನೆಗೆ ಬಂದು ಯೆರೆಮೀಯನ ಬಂಗಾಳಿ ಭಾಷಾಂತರದ ಅಚ್ಚಿನ ಕರಡನ್ನು ತಿದ್ದಿದರು. ಆಮೇಲೆ ಕಾಲೇಜಿನ ಮುಖ್ಯ ಪಂಡಿತನ ಸಹಾಯದಿಂದ ಮತ್ತಾಯನ ಸುವಾರ್ತೆಯನ್ನು ಸಂಸ್ಕೃತಕ್ಕೆ ತಿರುಗಿಸಿದರು. ಸಾಯಂಕಾಲ ತೆಲುಗು ಪಂಡಿತನೊಡನೆ ಪಾಠ. ರಾತ್ರಿ ಸುಮಾರು 40 ಮಂದಿಗೆ ಇಂಗ್ಲಿಷಿನಲ್ಲಿ ಪ್ರಸಂಗ. ಜನರು ಹೋದ ಮೇಲೆ ಯೆಹೆಜ್ಕೇಲನ ಒಂದು ಅಧ್ಯಾಯವನ್ನು ಬಂಗಾಳಿಗೆ ತಿರುಗಿಸುತ್ತಾ ಹನ್ನೊಂದು ಗಂಟೆಯಾಯಿತು. ಕೊನೆಗೆ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದು ಅಧ್ಯಾಯವನ್ನು ಓದಿ, ತನ್ನನ್ನು ದೇವರಿಗೆ ಒಪ್ಪಿಸಿಕೊಟ್ಟು ಮಲಗಿದರು.

ವಾಚಕರು ಇದನ್ನು ಓದಿ ಬೆಚ್ಚಬಾರದು. ಏಳೆಂಟು ಭಾಷೆಗಳು ನಮ್ಮ ಪಾಲಿಗೆ ಬಂದದ್ದಲ್ಲ. ಆದರೆ ಆ ದಿನದ ಎರಡು ತುದಿಗಳನ್ನು ನೋಡಿರಿ: ಮೊದಲನೆಯದು ಒಂದು ಅಧ್ಯಾಯ, ಕಡೆಯದು ಒಂದು ಅಧ್ಯಾಯ. ಇದು ಹೊಲಕ್ಕೆ ಹೋಗುವವನಿಗೂ ಕೂಲಿಗೆ ಹೋಗುವವಳಿಗೂ ಎಟಕುವಂಥದು. ಮನೆಯಲ್ಲಿ ರೋಗಿ ಕೂಗುತ್ತಿದ್ದ ವರುಷಗಳಲ್ಲಿ ಈ ಎರಡು ತುದಿಗಳು ಅವರನ್ನು ಹಿಡಿದು ನಿಲ್ಲಿಸಿದವೆಂದು ನಾವು ನೆನಸುತ್ತೇವೆ. ಇವುಗಳಲ್ಲದೆ ಶ್ರೀರಾಮಪುರದಲ್ಲಿರುವ ದಿನಗಳಲ್ಲಿ ಅವರಿಗೆ ಒಂದು ತೋಟವೂ ಇತ್ತು. ಸೂರ್ಯ ಮೂಡುವ ಹೊತ್ತಿಗೆ ಗಿಡಗಳ ನಡುವೆ ನಡೆಯುತ್ತಾ, ಬಾಯಿಬಿಟ್ಟು ಪ್ರಾರ್ಥಿಸುವರು.

ಈಗ ನಮ್ಮ ಕನ್ನಡಕ್ಕೆ ಸಂಬಂಧಪಟ್ಟ ಒಂದು ಸಂಗತಿಗೆ ಬರುವೆವು. 1812ನೆಯ ಇಸವಿ ಮಾರ್ಚ್ 11ರ ಸಾಯಂಕಾಲ ಶ್ರೀರಾಮಪುರದ ಅಚ್ಚುಕೂಟದಲ್ಲಿ, ಕಾಗದ ತುಂಬಿದ್ದ ಕೋಣೆಯಿಂದ ಹೊಗೆ ಎದ್ದಿತು. ವಾರ್ಡರು ಕಿಟಕಿ ಬಾಗಿಲುಗಳನ್ನೆಲ್ಲಾ ಮುಚ್ಚಿಸಿ, ಮಾಳಿಗೆಯನ್ನು ತೂತು ಮಾಡಿ, ಗಂಟೆಗಟ್ಟಲೆ ನೀರು ಹೊಯಿಸಿದರು. ಬೆಂಕಿಯು ಅಡಗುವಂತೆ ಕಂಡಿತು. ಅಷ್ಟರಲ್ಲಿ ಯಾರೋ ಒಂದು ಕಿಟಕಿಯನ್ನು ತೆರೆಯಲು, ಗಾಳಿ ನುಗ್ಗಿ ಜ್ವಾಲೆಯು ಮಾಳಿಗೆಗೆ ಹತ್ತಿತು. ಮಧ್ಯರಾತ್ರಿಯ ಹೊತ್ತಿಗೆ ಮಾಳಿಗೆಯು ಕುಸಿದುಬಿತ್ತು. ಕೇರಿಯವರು ಆ ರಾತ್ರಿ ಕಲ್ಕತ್ತೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಮಾರ್ಷ್‌ಮನ್ನರು ಹೋಗಿ ತಿಳಿಸಿದಾಗ ಅವರಿಗೆ ಮಾತೇ ಹೊರಡದೆ ಕಣ್ಣೀರು ಬಂತು. ಹಣದಲ್ಲಿ ನಷ್ಟವು ಸುಮಾರು 10,000 ಪೌಂಡು. ಆದರೆ ಹಣದಿಂದ ಕೊಳ್ಳಲಾಗದವುಗಳು ಸುಟ್ಟುಹೋಗಿದ್ದವು: ಅನೇಕ ಭಾಷಾಂತರಗಳ ಹಸ್ತಪ್ರತಿಗಳು, ತೆಲುಗು ವ್ಯಾಕರಣ, ವರುಷಗಟ್ಟಲೆ ಶೇಖರಿಸಿದ ದೊಡ್ಡ ನಿಘಂಟಿನ ಸಾಮಗ್ರಿ. ಅವುಗಳೊಡನೆ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು.

ಆ ಭಾನುವಾರ ಕೇರಿಯವರು 46ನೆಯ ಕೀರ್ತನೆಯ 10ನೆಯ ವಚನದ ಮೇಲೆ ಪ್ರಸಂಗ ಮಾಡಿದರು. ದೇವರಿಗೆ ತನ್ನದನ್ನು ತನಗೆ ಇಷ್ಟಬಂದಂತೆ ಮಾಡುವ ಹಕ್ಕುಂಟು, ನಾವು ಅದಕ್ಕೆ ಸುಮ್ಮನೆ ಒಪ್ಪಿಕೊಳ್ಳತಕ್ಕದ್ದು ಎಂದರು. ಸುಮ್ಮನೆ ಒಪ್ಪಿಕೊಂಡವರು ಸುಮ್ಮನೆ ಕೂತಿರಲಿಲ್ಲ. ಅಚ್ಚಿನ ಯಂತ್ರಗಳನ್ನು ವಾರ್ಡರು ಹೊರಗೆ ಎಳಿಸಿ ಉಳಿಸಿದ್ದರು. ಬೂದಿಯನ್ನು ಕೆದಕಿದಾಗ ಅಕ್ಷರಗಳನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿದ ಸೀಸವನ್ನು ಕೂಡಿಸಿ ಹೊಸ ಮೊಳೆಗಳನ್ನು ಎರೆದರು. ಇಂಗ್ಲೆಂಡು ಸ್ಕಾಟ್ಲೆಂಡುಗಳ ಸಭೆಗಳು ಸುದ್ದಿ ಕೇಳಿ ಎರಡು ತಿಂಗಳೊಳಗಾಗಿ ನಷ್ಟದ ಹಣವನ್ನೆಲ್ಲಾ ಕೂಡಿಸಿದವು. ಹಸ್ತಪ್ರತಿಗಳನ್ನು ಮಾತ್ರ ಯಾರೂ ಕೂಡಿಸಿಕೊಡಲಾರರು. ಕೇರಿಯವರು 50 ವರುಷ ಪ್ರಾಯದವರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ನಡೆಯುವುದು ಸುಲಭವೆಂದು ಹೇಳಿಕೊಂಡು, ಮೊದಲನೆಯ ಪುಟದಿಂದ ಪುನಃ ಆರಂಭಿಸಿದರು. ಅವರು ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾಯಿತು. ಕನ್ನಡ ಹೊಸ ಒಡಂಬಡಿಕೆಯೂ ಕೆಲವು ವರುಷಗಳ ತರುವಾಯ ಶ್ರೀರಾಮಪುರದಿಂದ ಹೊರಟಿತು. ಆದರೆ ನಮ್ಮ ಸೀಮೆಯಲ್ಲಿ ಅದು ನೆಲೆಗೊಳ್ಳಲಿಲ್ಲ. ಅದೇ ಕಾಲದಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಬಳ್ಳಾರಿಯಲ್ಲಿ, ಕನ್ನಡ ಮಾತಾಡುವ ಜನರ ನಡುವೆಯೇ ಇದ್ದು, ಭಾಷಾಂತರ ಮಾಡುತ್ತಿದ್ದರು. 1831ರಲ್ಲಿ ಪೂರ್ಣವಾದ ಆ ಬಳ್ಳಾರಿಯ ಸತ್ಯವೇದದಿಂದಲೇ ನಮ್ಮ ಸಭೆಗಳ ಓದು ಬೆಳೆಯಿತು. ಕೇರಿಯವರ ಇತರ ಭಾಷಾಂತರಗಳಲ್ಲಿಯೂ ಅನೇಕವು ಕಾಲಾಂತರದಲ್ಲಿ ಬದಿಗೆ ಸರಿದು, ಉತ್ತಮವಾದವುಗಳಿಗೆ ಸ್ಥಳ ಬಿಟ್ಟವು. ಹಾಗಾಗುವುದೆಂದು ಅವರಿಗೆ ತಿಳಿದಿತ್ತು. ಆದಕಾರಣವೇ ತಮ್ಮ ಬಂಗಾಳಿ ಭಾಷಾಂತರವನ್ನು ಜೀವಮಾನವೆಲ್ಲಾ ತಿದ್ದುತ್ತಲೇ ಇದ್ದರು.

ಮಿಕ್ಕವುಗಳನ್ನು ಬೇಗನೆ ಹೇಳುವೆವು. 1808ರಲ್ಲಿ ಅವರು ಶಾರ್ಲೊಟ್ ರೂಮೋರ್ ಎಂಬ ಭಕ್ತೆಯನ್ನು ಮದುವೆಯಾಗಿ, 13 ವರುಷ ಸಮಾಧಾನದ ಸಂಸಾರವನ್ನು ಕಂಡರು. 1818ರಲ್ಲಿ ಶ್ರೀರಾಮಪುರದ ಕಾಲೇಜು ಸ್ಥಾಪನೆಯಾಯಿತು. ಅದು ಇಂದಿಗೂ ನಡೆಯುತ್ತಲಿದೆ. 1799ರಲ್ಲಿ ಅವರು ಹೊಳೆಯ ದಡದಲ್ಲಿ ಒಬ್ಬ ವಿಧವೆಯು ಗಂಡನ ಚಿತೆಯಲ್ಲಿ ಸುಡಲ್ಪಡುವುದನ್ನು ಕಣ್ಣಾರೆ ಕಂಡು, ತಡೆಯಲಾರದೆ ಹಿಂದಿರುಗಿದ್ದರು. ಮೂವತ್ತು ವರುಷಗಳ ತರುವಾಯ, 1829ರ ಡಿಸೆಂಬರದಲ್ಲಿ, ಅದನ್ನು ನಿಷೇಧಿಸುವ ಕಾನೂನನ್ನು ಬಂಗಾಳಿಗೆ ತಿರುಗಿಸಬೇಕೆಂದು ಸರಕಾರದ ಆಜ್ಞೆಯು ಒಂದು ಭಾನುವಾರ ಬೆಳಿಗ್ಗೆ ಅವರ ಕೈಗೆ ಬಂತು. ಭಾನುವಾರ ಲೌಕಿಕ ಕೆಲಸವನ್ನು ಮುಟ್ಟದ ಅವರು, ಪ್ರಸಂಗವನ್ನು ಬೇರೊಬ್ಬರಿಗೆ ಒಪ್ಪಿಸಿ, ಒಂದು ಗಂಟೆ ತಡವಾದರೂ ಒಬ್ಬ ವಿಧವೆಯ ಪ್ರಾಣ ಹೋದೀತೆಂದು ಕೂತಲ್ಲಿಯೇ ಕೂತು, ಸಾಯಂಕಾಲಕ್ಕೆ ಮುಗಿಸಿದರು.

ಮುಪ್ಪಿನಲ್ಲಿಯೂ ಕಷ್ಟಗಳು ಬಿಡಲಿಲ್ಲ. 1821ರಲ್ಲಿ ಶಾರ್ಲೊಟ್ ಅಮ್ಮನವರೂ ಮರುವರುಷ ಫೀಲಿಕ್ಸನೂ ತೀರಿಕೊಂಡರು. 1823ರಲ್ಲಿ ದೋಣಿಯಿಂದ ಇಳಿಯುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಬಹಳ ಕಾಲ ಕುಂಟುತ್ತಿದ್ದರು. ಅದೇ ತಿಂಗಳಲ್ಲಿ ಹೊಳೆಯ ಪ್ರವಾಹವು ಅವರ ತೋಟವನ್ನು ಕೊಚ್ಚಿತು. ಇಂಗ್ಲೆಂಡಿನ ಹೊಸ ತಲೆಮಾರಿನ ಸಹೋದರರು, ಶ್ರೀರಾಮಪುರದವರು ಹಣ ಕೂಡಿಸಿಕೊಂಡಿದ್ದಾರೆಂದು ಸಂಶಯಪಟ್ಟರು. 1827ರಲ್ಲಿ ಎರಡು ಕಡೆಯವರೂ ಬೇರೆಯಾದರು. ಬಂಗಾಳಿಯ ಹಗೆಗಿಂತ ಮನೆಯವರ ಈ ಮಾತು ಅವರಿಗೆ ಹೆಚ್ಚು ನೋವನ್ನು ಕೊಟ್ಟಿತು. 1830ರಲ್ಲಿ ಕಲ್ಕತ್ತೆಯ ದೊಡ್ಡ ವ್ಯಾಪಾರ ಕೋಠಿಗಳು ದಿವಾಳಿಯಾಗಿ ಮಿಶನಿನ ಹಣ ಮುಳುಗಿತು. ಕಾಲೇಜಿನ ಉದ್ಯೋಗವೂ ನಿಂತು, ವರಮಾನವು ಅರ್ಧವಾಯಿತು. ಆ ಹೊತ್ತಿನಲ್ಲಿ ಅವರು ಬಂಗಾಳಿ ಸತ್ಯವೇದದ ಕಡೆಯ ತಿದ್ದುಪಡಿಯನ್ನು ಮಾಡುತ್ತಿದ್ದರು. 1832ರಲ್ಲಿ ಅದು ಮುಗಿಯಿತು.

ಆಮೇಲೆ ಶಕ್ತಿಯು ಕುಂದುತ್ತಾ ಬಂತು. ನಡೆಯಲಾರದೆ ಹೋದಾಗ ಕುರ್ಚಿಯಲ್ಲಿ ಕೂತು ತೋಟಕ್ಕೆ ಹೋಗುವರು; ಅದೂ ಆಗದಿದ್ದಾಗ ತೋಟದ ಆಳುಗಳು ಹಾಸಿಗೆಯ ಬಳಿಗೆ ಬಂದು ಗಿಡಗಳ ಸಮಾಚಾರವನ್ನು ಹೇಳುವರು. ಸ್ಕಾಟ್ಲೆಂಡಿನ ಡಫ್ ಎಂಬ ಯೌವನಸ್ಥ ಮಿಶನರಿಯು ನೋಡಲು ಬಂದು ಅವರ ಕೆಲಸಗಳನ್ನು ಹೊಗಳಿದಾಗ, ಇನ್ನು ಕೇರಿಯ ಮಾತು ಬೇಡ, ಕೇರಿಯ ರಕ್ಷಕನ ಮಾತನ್ನೇ ಆಡಬೇಕೆಂದು ಕ್ಷೀಣಸ್ವರದಿಂದ ಕೇಳಿಕೊಂಡರಂತೆ. 1834ನೆಯ ಇಸವಿ ಜೂನ್ 9ರ ಮುಂಜಾನೆ ನಿದ್ರೆಹೋದರು.

ಮರುದಿನ ಹೂಳುವಾಗ ದಿನೆಮಾರರ ಧ್ವಜವು ಅರ್ಧಕ್ಕೆ ಇಳಿದಿತ್ತು. ಬೀದಿಯ ಎರಡು ಕಡೆಗಳಲ್ಲಿಯೂ ಊರಿನ ಬಡವರು, ಹಿಂದುಗಳೂ ಮುಸಲ್ಮಾನರೂ, ಸಾಲಾಗಿ ನಿಂತಿದ್ದರು. ಸಮಾಧಿಯ ಕಲ್ಲಿನ ಮೇಲೆ ತನ್ನ ಹೆಸರು, ಹುಟ್ಟಿದ ಸತ್ತ ದಿನಗಳು, ಒಂದು ಕೀರ್ತನೆಯ ಎರಡು ಸಾಲುಗಳು, ಇಷ್ಟನ್ನು ಬಿಟ್ಟು ಬೇರೇನನ್ನೂ ಕೆತ್ತಬಾರದೆಂದು ಅವರು ಉಯಿಲಿನಲ್ಲಿ ಬರೆದಿಟ್ಟಿದ್ದರು. ಹಾಗೆಯೇ ಮಾಡಿದರು.